ಒಂದು ಕಪ್ಪು, ಒಂದು ಬಸಿ

ಈಗ ಪ್ಯಾಟಿ ಅಂಗಡ್ಯಾಗ ಕಷಾಯದ ಪುಡಿ ಚೆಂದನ ಡಬ್ಬಿಯೊಳಗ ಸಿಗತೈತಿ. ಡಬ್ಬಿ ಮ್ಯಾಲೆ ‘ಕೆಫೀನ್ ಇಲ್ಲ’ ಅಂತ ದಪ್ಪ ಅಕ್ಷರದಾಗ ಬರದಿರ್ತಾರ. ಅದಕ್ಕ ಹಾಲು ಹಾಕಿ, ನೊರಿ ಎಬ್ಬಿಸಿ, ಲ್ಯಾಟೆ ಅಂತ ಹೆಸರಿಟ್ಟಾರ. ಮೊನ್ನೆ ನನ್ನ ಮಗಳು ಅಂಥಾದ್ದೊಂದು ಡಬ್ಬಿ ತಂದು, ಅದನ್ನ ಹೆಂಗ ಮಾಡಬೇಕು ಅಂತ ನನಗ ಓದಿ ಹೇಳಾಕ ಹತ್ತಿದ್ಳು. ನನಗ! ಅದನ್ನ ಮಾಡಿ ಮಾಡಿ ಕೈ ಸುಟ್ಕೊಂಡಾಕಿ ನಾನು. ಸುಮ್ನ ನಿಂತು ಕೇಳಿದೆ. ಆಕಿ ಅತ್ತಾಗ ಹೋದಮ್ಯಾಲೆ ಒಬ್ಬಾಕಿನ ಕುಂತು ನಕ್ಕೆ, ನಕ್ಕು ನಕ್ಕು ಕಣ್ಣಾಗ ನೀರು ಬಂತು. ಆ ನೀರು ಬರೇ ನಗಿಗೆ ಬಂದದ್ದಲ್ಲ.

ನನ್ನ ತವರು ಹರಪನಹಳ್ಳಿ. ತೊಂಬತ್ತರ ದಶಕದ ನಡುವ ಕಾನಹೊಸಹಳ್ಳಿಗೆ ಸೊಸಿಯಾಗಿ ಬಂದೆ. ಹಿಂದ ಮನಿ, ಮುಂದ ಹೋಟ್ಲು, ಹೋಟ್ಲು ಮುಂದ ದೊಡ್ಡ ರಸ್ತಿ, ರಸ್ತಿ ದಾಟಿದ್ರ ಬಸ್‌ಸ್ಟ್ಯಾಂಡು. ಲಾರಿ ಹಾದು ಹೋದ್ರ ಅಡಿಗಿ ಮನಿ ಡಬ್ಬಿಗಳೆಲ್ಲ ಗಡಗಡ ಅಂತಿದ್ವು. ಮೊದಮೊದಲು ನನ್ನ ದಾವಣಗೆರಿ ಕಡೆ ಮಾತು ಕೇಳಿ ನಮ್ಮ ಅತ್ತಿ ಸೆರಗು ಅಡ್ಡ ಹಿಡದು ನಗತಿದ್ರು. ವರ್ಷ ತುಂಬೋದ್ರೊಳಗ ಅವ್ರ ಮಾತು ನನ್ನ ಬಾಯಾಗ ಕುಂತು ಬಿಡ್ತು. ಈಗ ತವರಿಗೆ ಹೋದ್ರ ಅಲ್ಲಿಯವ್ರು ನಗತಾರ.

ಹೋಟ್ಲು ಅಂದ್ರ ದೊಡ್ಡದೇನಲ್ಲ. ಮಂಡಕ್ಕಿ ಒಗ್ಗರಣಿ, ಮೆಣಸಿನಕಾಯಿ ಬಜ್ಜಿ, ಚಾ. ಅದ್ರಾಗೂ ನಮ್ಮ ಹೋಟ್ಲಿಗೆ ಹೆಸರು ಬಂದದ್ದು ಚಾಕ್ಕ. ಬಸ್ಸಿನ ಡ್ರೈವರ್‌ಗಳು ಮುಂದಿನ ಊರಾಗ ಕುಡಿಯೋದನ್ನ ಬಿಟ್ಟು ಇಲ್ಲೇ ನಿಲ್ಲಸ್ತಿದ್ರು. ಒಲಿ ಮುಂದ ನಿಂತು ಚಾ ಸೋಸೋರು ನಮ್ಮನಿಯವ್ರು, ಗಲ್ಲಾದ ಮ್ಯಾಲೆ ಕುಂದ್ರೋರು ನಮ್ಮ ಮಾವ. ಪ್ರತಿ ಸಲ ಹೊಸಾ ಚಾ ಇಳಿಸಿದಾಗ ಮೊದಲನೇ ಗುಟುಕು ಮಾವಂದ. ಅವ್ರು ಕುಡದು ತಲಿ ಆಡಿಸಿದ್ರ ಮಾತ್ರ ಗಿರಾಕಿಗೆ ಹೋಗೋದು. ಹಂಗ ದಿನಕ್ಕ ಎಷ್ಟು ಕುಡೀತಿದ್ರೋ, ಲೆಕ್ಕ ಇಟ್ಟೋರಿಲ್ಲ. ಊಟಕ್ಕ ಎಬ್ಬಿಸಿದ್ರ ಚಾ ಕುಡದೀನಿ ಅನ್ನೋರು.

ಆದ್ರ ಮುಂಜಾನಿ ಮೊದಲನೇ ಬಸ್ಸಿಗೆ ಮುಂಚಿನ ಚಾ ಬ್ಯಾರೆನ. ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಆ ಹೊತ್ತಿಗೆ ರಸ್ತಿ ದಾಟಿ ಬರ್ತಿದ್ರು. ಬಸ್ಸಿನ ಟೈಮು ಬರಕೊಂಡು, ಸೀಟಿ ಊದಿ ಬಸ್ ಬಿಡೋದು ಅವ್ರ ಕೆಲಸ. ಖಾಕಿ ಅಂಗಿ, ಕುತ್ತಿಗಿಗೆ ಸೀಟಿ, ಕಿವಿ ಮ್ಯಾಲೆ ಪೆನ್ನು. ಮಾವನೂ ಅವ್ರೂ ಒಂದೇ ಸಾಲ್ಯಾಗ ಓದಿದೋರು. ಹೋಟ್ಲು ಮುಂದಿನ ಬೆಂಚಿನ ಮ್ಯಾಲೆ ಇಬ್ರೂ ಕುಂದ್ರೋರು. ಒಂದೇ ಕಪ್ಪು ಚಾ ಬರೋದು. ಮಾವ ಅದ್ರಾಗ ಅರ್ಧನ ಕಪ್ಪಿನ ಕೆಳಗಿನ ಬಸಿಗೆ ಬಗ್ಗಿಸ್ಕೊಂಡು, ಕಪ್ಪು ಅವ್ರಿಗೆ ಕೊಡೋರು. ಅವ್ರು ಕಪ್ಪಿನ್ಯಾಗ, ಇವ್ರು ಬಸ್ಯಾಗ, ಸೊರ್ ಸೊರ್ ಅಂತ ಕುಡಿಯೋರು. ಲೇ ಇದಕ್ಕ ಚಾ ಅಂತಾರೇನಲೇ, ಎಮ್ಮಿ ಮೈ ತೊಳದ ನೀರಿದ್ದಂಗ ಐತಿ ಅಂತ ಕಂಟ್ರೋಲರ್ ದಿನಾ ಬಯ್ಯೋರು. ಹಂಗಾದ್ರ ಬಿಡಲೇ ಅಂತ ಮಾವ ಅನ್ನೋರು. ಇದು ಅವ್ರಿಬ್ರ ಸುಪ್ರಭಾತ.

ಮನಿ ಮಾಲಕ, ಹೋಟ್ಲು ತಮ್ಮದು, ಬೇಕಾದಷ್ಟು ಚಾ ಕುಡೀಬಹುದು. ಮತ್ತ ಯಾಕ ಹಿಂಗ ಒಂದು ಕಪ್ಪನ್ನ ಇಬ್ಬರು ಹಂಚ್ಕೋತಾರ, ಇಷ್ಟು ಜಿಪುಣತನ ಯಾಕ ಅಂತ ನನಗ ಅನಸ್ತಿತ್ತು. ಹೊಸಾ ಸೊಸಿ, ಕೇಳಾಕ ಹೋಗಲಿಲ್ಲ.

ನಾನು ಬಂದು ಒಂದೆರಡು ವರ್ಷ ಆಗಿರಬೇಕು, ಒಂದಿನ ಮಾವ ಗಲ್ಲಾದ ಮ್ಯಾಲಿಂದ ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡಿದ್ರು. ಚಾದ ಗಸಿ ಹೆಂಗಿರತೈತಿ, ಹಂಗ ಕರ್ರಗ ಇತ್ತು. ಅತ್ತಿ ಅದನ್ನ ನೋಡಿ ಗೋಡಿ ಹಿಡಕೊಂಡು ಕುಂತುಬಿಟ್ರು. ಕೂಡ್ಲಿಗಿಗೆ ಕರ್ಕೊಂಡು ಹೋದ್ವಿ. ಅಲ್ಲಿ ಡಾಕ್ಟ್ರು ಹೊಟ್ಯಾಗ ಹುಣ್ಣಾಗೈತಿ, ಅದ್ರಿಂದ ರಕ್ತ ಒಸರೈತಿ ಅಂದ್ರು. ಖಾರ ಬ್ಯಾಡ, ಬಜ್ಜಿ ಬ್ಯಾಡ, ಚಾ ಅಂತೂ ಬ್ಯಾಡೇ ಬ್ಯಾಡ, ಕಾಫಿನೂ ಬ್ಯಾಡ, ಎರಡರಾಗೂ ಇರೋದು ಒಂದೇ ಸರಕು. ಇನ್ನೊಂದು ಸಲ ಹಿಂಗಾದ್ರ ನನ್ನ ಹತ್ರ ಕರ್ಕೊಂಡು ಬರಬ್ಯಾಡ್ರಿ, ಸೀದಾ ದೊಡ್ಡ ಆಸ್ಪತ್ರಿಗೆ ಒಯ್ರಿ ಅಂದ್ರು. ಬಸ್ಸಿನ್ಯಾಗ ವಾಪಸ್ ಬರಾಗ ಮಾವ ಒಂದೇ ಮಾತು ಹೇಳಿದ್ದು, ಈ ಸುದ್ದಿ ಯಾರಿಗೂ ಗೊತ್ತಾಗಬಾರದು. ಚಾ ಹೋಟ್ಲಿನವ ತನ್ನ ಚಾ ತಾನು ಕುಡಿಯಂಗಿಲ್ಲ ಅಂದ್ರ, ಅದ್ರಾಗ ಏನೋ ಕಲಬೆರಕಿ ಮಾಡ್ಯಾನ ಅಂತಾರ ಜನ. ನಾವು ಆತು ಅಂದ್ವಿ.

ಮಾವ ಮನಿಯೊಳಗ ಮಂಚದ ಮ್ಯಾಲೆ ಮಲಗಿದ್ರು. ಹೋಟ್ಲಿನ ಕಡೆ ಕಾಲಿಡಲಿಲ್ಲ. ಚಾದ ವಾಸನಿ ಬಂದ್ರ ಗೋಡಿ ಕಡೆ ತಿರಗೋರು. ನೋಡಿದ್ರ ಜೀವ ಚುರ್ ಅಂತಿತ್ತು. ನಾನು ಸುಮ್ನಿರೋದು ಬಿಟ್ಟು, ಕಷಾಯ ಮಾಡಿ ಕೊಡ್ತೀನಿ ಅಂದೆ. ನಮ್ಮ ತವರಾಗ ಹುಡುಗರಿಗೆ ಚಾ ಕೊಡತಿರಲಿಲ್ಲ, ಕೊತ್ತಂಬರಿ ಬೀಜ, ಜೀರಗಿ ಕುದಿಸಿ ಹಾಲು ಬೆಲ್ಲ ಹಾಕಿ ಕೊಡೋರು. ಮಾವ ಮುಖ ತಿರುಗಿಸಿ, ಕಷಾಯ ಕುಡಿಯಾಕ ನಾನೇನು ಬಾಣಂತಿ ಏನವ್ವಾ ಅಂದ್ರು. ಆದ್ರೂ ಮಾಡಿದೆ. ಕೊತ್ತಂಬರಿ, ಜೀರಗಿ, ಮೆಣಸು, ಒಣಶುಂಠಿ ಕುದಿಸಿ, ಬೆಲ್ಲ ಹಾಕಿ, ಕುದಿ ಕುದಿಯಾಗಿದ್ದಾಗನ ಹಾಲು ಸುರಿದೆ. ಹಾಲು ಒಡೀತು. ಮಾವ ಲೋಟದಾಗ ಇಣುಕಿ ನೋಡಿ, ಎಮ್ಮಿ ಈದೈತೇನು, ಗಿಣ್ಣ ಮಾಡಿಯಲ್ಲ ಅಂದ್ರು. ಅತ್ತಿ ಅಷ್ಟು ದುಃಖದಾಗೂ ನಕ್ಕುಬಿಟ್ರು. ನನಗ ಸಿಟ್ಟು ನೆತ್ತಿಗೇರಿತು. ಮರುದಿನ ಬೆಲ್ಲ ಇಲ್ದ ಮಾಡಿಕೊಟ್ಟೆ, ಹಾಲು ಒಡೀಲಿಲ್ಲ, ಆದ್ರ ಮೆಣಸು ಹೊಟ್ಯಾಗ ಬೆಂಕಿ ಹಚ್ಚಿತು. ಡಾಕ್ಟ್ರು ಖಾರ ಬ್ಯಾಡ ಅಂದದ್ದು ನನ್ನ ತಲ್ಯಾಗ ಉಳಿದಿರಲಿಲ್ಲ. ಅತ್ತಿ ನನ್ನನ್ನ ನೋಡಿದ ನೋಟ ನೆನಸ್ಕೊಂಡ್ರ ಈಗಲೂ ಬೆನ್ನು ತಣ್ಣಗ ಆಗತೈತಿ. ಕಷಾಯದ ಮಾತು ಅಲ್ಲಿಗೆ ನಿಂತಿತು.

ಈ ನಡುವ ಹೋಟ್ಲಾಗ ಏನಾತು ಅಂದ್ರ, ಕಂಟ್ರೋಲರ್ ದಿನದಂಗ ಮುಂಜಾನಿ ಬಂದು ಬೆಂಚಿನ ಮ್ಯಾಲೆ ಕುಂತ್ರು. ನಿಮ್ಮಪ್ಪ ಎಲ್ಲಿ ಅಂತ ನಮ್ಮನಿಯವ್ರನ್ನ ಕೇಳಿದ್ರು. ಮಾವನ ಮಾತು ಮೀರಬಾರದು ಅಂತ ನಮ್ಮನಿಯವ್ರು, ಒಳಗ ಕೆಲಸದಾಗ ಅದಾನ, ಚಾ ಆಗೈತಂತ ಅವಂದು ಅಂದ್ರು. ಅಂದು, ಅವ್ರ ಮುಂದ ಒಂದು ಪೂರ್ತಿ ಕಪ್ಪು ಚಾ ಇಟ್ರು. ಮರುದಿನಾನೂ ಹಿಂಗ, ಅದ್ರ ಮರುದಿನಾನೂ ಹಿಂಗ. ಕಂಟ್ರೋಲರ್ ಕೇಳೋದು ಬಿಟ್ರು.

ನಾನು ಅಡಿಗಿ ಮನಿ ಕಿಟಕಿಯಿಂದ ನೋಡ್ತಿದ್ದೆ. ಕೇಳೋದು ಬಿಟ್ಟ ದಿನ ಕಂಟ್ರೋಲರ್ ಪೂರ್ತಿ ಕಪ್ಪು ಒಬ್ಬರ ಕುಡದ್ರು. ಚಾಕ್ಕ ಬಯ್ಯಲಿಲ್ಲ. ಎದ್ದು, ಕಪ್ಪು ಬಸಿ ಎರಡೂ ಕೈಯಾಗ ಹಿಡಕೊಂಡು, ಹೋಟ್ಲು ಪಕ್ಕದ ನಳಕ್ಕ ಹೋದ್ರು. ಚೊಲೊತ್ನಂಗ ತೊಳದ್ರು. ತಂದು ಗೋಡಿ ಪಕ್ಕದ ಕಟ್ಟಿ ಮ್ಯಾಲೆ ಬೋರಲ ಹಾಕಿ, ರಸ್ತಿ ದಾಟಿ ಹೋದ್ರು.

ನನಗ ಇದು ಭಾಳ ಚೊಲೊ ಅನಸ್ತು. ಒಳಗ ಹೋಗಿ ರೊಟ್ಟಿ ಬಡೀತಿದ್ದ ಅತ್ತಿಗೆ ಹೊಗಳಿಕಿ ದನಿಯಾಗ ಹೇಳಿದೆ, ಕಂಟ್ರೋಲರ್ ಎಂಥಾ ಸಂಪನ್ನ ಮನುಷ್ಯ, ಸರಕಾರಿ ಕೆಲಸದಾಗ ಇದ್ರೂ ತಾನು ಕುಡದ ಕಪ್ಪು ತಾನಾ ತೊಳದಿಟ್ಟು ಹೋದ್ರು ಅಂತ. ಅತ್ತಿ ರೊಟ್ಟಿ ಬಡಿಯೋದು ನಿಲ್ಲಿಸಿದ್ರು. ಮುಖದಾಗ ರಕ್ತ ಇರಲಿಲ್ಲ. ಹಂಚಿನ ಮ್ಯಾಲಿನ ರೊಟ್ಟಿ ಸೀದು ಹೊಗಿ ಏಳಾಕ ಹತ್ತಿತು, ಅದನ್ನೂ ನೋಡಲಿಲ್ಲ.

ಎಲ್ಲಿ ಇಟ್ಟ ಅಂತ ಕೇಳಿದ್ರು. ಕಟ್ಟಿ ಮ್ಯಾಲೆ, ಬೋರಲ ಅಂದೆ. ಅವಾಗ ಅತ್ತಿ ಹಿಟ್ಟಿನ ಕೈಯಾಗನ ಕುಂತು, ಸಣ್ಣ ದನಿಯಾಗ ಹೇಳಿದ್ರು.

ಮಾವನ ಅಪ್ಪನ ಕಾಲದಾಗ ಇದೇ ಹೋಟ್ಲಾಗ ದಲಿತರ ಕೇರಿಯವ್ರಿಗೆ ಬ್ಯಾರೆ ಲೋಟ ಇದ್ವಂತ. ಹೊರಗ ಅದೇ ಕಟ್ಟಿ ಮ್ಯಾಲೆ. ಅವ್ರು ಬಂದು ತಾವಾ ಲೋಟ ತಗೊಂಡು, ದೂರ ಹಿಡದು ನಿಂತು, ಮ್ಯಾಲಿಂದ ಸುರಿಸ್ಕೊಂಡು ಕುಡದು, ತಾವಾ ತೊಳದು, ಮತ್ತ ಅಲ್ಲೇ ಬೋರಲ ಹಾಕಿ ಹೋಗಬೇಕಿತ್ತು. ಕಂಟ್ರೋಲರ್ ಆ ಕೇರಿಯವ್ರು. ಸಣ್ಣವ್ರಿದ್ದಾಗ ಅವ್ರ ಅಪ್ಪನ ಜೋಡಿ ಬಂದು ಅದೇ ಕಟ್ಟಿ ಹತ್ರ ನಿಂತೋರು. ಸಾಲ್ಯಾಗ ಒಂದೇ ಮಣಿ ಮ್ಯಾಲೆ ಕುಂದ್ರತಿದ್ದ ದೋಸ್ತ ಅಲ್ಲಿ ನಿಂತು ಕುಡಿಯೋದನ್ನ ಮಾವ ಗಲ್ಲಾದ ಹಿಂದಿಂದ ನೋಡ್ಯಾರ.

ಮುಂದ ಇಬ್ರೂ ದೊಡ್ಡವ್ರಾದ್ರು. ಕಂಟ್ರೋಲರ್ ಮದುವಿಗೆ ಮಾವ ಅಪ್ಪನ ಜೋಡಿ ಹೋಗಿದ್ರಂತ. ಹಂದರದಾಗ ಕುಂತ್ರು, ಎಲಿ ಹಾಕಿದ್ರು. ಅಪ್ಪ ಎಲಿ ಮುಂದಿಂದ ಎದ್ದು, ಹೊಟ್ಟಿ ಸರಿ ಇಲ್ಲ ಅಂದ್ರು. ನಮ್ಮ ಕಡೆ ಆ ಕೇರಿಯವ್ರ ಮನಿಯಾಗ ಉಣ್ಣಾಕ ಮನಸಿಲ್ಲದೋರು ಎಲ್ಲಾರೂ ಹೇಳೋ ಮಾತು ಅದು, ಹೇಳಿಸ್ಕೊಳ್ಳೋರಿಗೂ ಅದ್ರ ಅರ್ಥ ಗೊತ್ತಿರತೈತಿ. ಆಮ್ಯಾಲೆ ಮದುಮಗ ಮಾವನ ಕಡೆ ನೋಡಿದ್ರು. ಅಪ್ಪ ಪಕ್ಕದಾಗ ನಿಂತಾನ. ಮಾವ, ನಂದೂ ಹೊಟ್ಟಿ ಸರಿ ಇಲ್ಲಪ್ಪಾ ಅಂದುಬಿಟ್ರು. ಅವತ್ತು ಮನಿಗೆ ಬಂದು ಉಪವಾಸ ಮಲಗಿದ್ರಂತ.

ಅಪ್ಪ ತೀರಿಕೊಂಡು ಹೋಟ್ಲು ಕೈಗೆ ಬಂದ ಮೊದಲನೇ ಮುಂಜಾನಿ ಮಾವ ಮಾಡಿದ ಮೊದಲನೇ ಕೆಲಸ, ಆ ಲೋಟಗಳನ್ನ ಚೀಲಕ್ಕ ತುಂಬಿ ಗುಜರಿಗೆ ಹಾಕಿದ್ದು. ಎರಡನೇದು, ರಸ್ತಿ ದಾಟಿ ಹೋಗಿ ದೋಸ್ತನ ರಟ್ಟಿ ಹಿಡದು ಕರ್ಕೊಂಡು ಬಂದದ್ದು. ಬೆಂಚಿನ ಮ್ಯಾಲೆ ಕುಂದ್ರಿಸಿ, ಇಡೀ ಬಸ್‌ಸ್ಟ್ಯಾಂಡು ನೋಡೋ ಹಂಗ ಒಂದು ಕಪ್ಪಿನ್ಯಾಗಿನ ಚಾನ ಎರಡು ಮಾಡಿದ್ರು. ಸ್ವಲ್ಪ ದಿನ ನಮ್ಮೋರ ಗಿರಾಕಿ ಬರಲಿಲ್ಲಂತ. ಆಮ್ಯಾಲೆ ಚಾದ ರುಚಿ ಅವ್ರನ್ನ ವಾಪಸ್ ಕರ್ಕೊಂಡು ಬಂತು. ಅವತ್ತಿನಿಂದ ಒಂದು ದಿನಾನೂ ಆ ಕಪ್ಪು ಬಸಿ ತಪ್ಪಿದ್ದಿಲ್ಲ. ನಾನು ಜಿಪುಣತನ ಅಂದ್ಕೊಂಡದ್ದು ಇದನ್ನ.

ಈಗ ಹೇಳದ ಕೇಳದ ಮಾವ ಒಳಗ ಉಳಿದಿದ್ರು, ದೋಸ್ತಗ ಪೂರ್ತಿ ಕಪ್ಪು ಬ್ಯಾರೆ ಬಂದಿತ್ತು. ಕಂಟ್ರೋಲರ್ ಅದಕ್ಕ ತಮಗ ಗೊತ್ತಿದ್ದ ಅರ್ಥನ ಮಾಡ್ಕೊಂಡಿದ್ರು. ವಯಸ್ಸಾತು, ಅಪ್ಪನ ಬುದ್ಧಿ ಬಂತು ಅಂದ್ಕೊಂಡಿರಬೇಕು.

ಅತ್ತಿ ಮಾತು ಮುಗಿಸಿ ತಿರುಗಿದ್ರ, ಮಾವ ಬಾಗಲದಾಗ ನಿಂತಿದ್ರು. ಎಲ್ಲಾ ಕೇಳಿಸ್ಕೊಂಡಿದ್ರು. ಹೋಗಿ ಇದ್ದದ್ದು ಇದ್ದಂಗ ಹೇಳಿಬಿಡ್ರಿ ಅಂದ್ರು ಅತ್ತಿ. ಮಾವ ಬಾಗಲ ಚೌಕಟ್ಟು ಹಿಡಕೊಂಡು ಕೆಳಗ ಕುಂತ್ರು.

“ಏನಂತ ಹೇಳ್ಲಿ? ಹೊಟ್ಟಿ ಸರಿ ಇಲ್ಲ ಅಂತ ಹೇಳ್ಲಾ?”

ಆ ಮಾತು ಒಂದು ಸಲ ಸುಳ್ಳಿಗೆ ಖರ್ಚಾಗಿತ್ತು. ಈಗ ಖರೇಕ್ಕ ಬೇಕು ಅಂದ್ರ ಕೈಯಾಗ ಇರಲಿಲ್ಲ.

ಮಾವ ಅವತ್ತಿಂದ ಗಂಜಿನೂ ಸರಿಯಾಗಿ ಕುಡೀಲಿಲ್ಲ. ಅತ್ಲಾಗ ಕಂಟ್ರೋಲರ್ ನಮ್ಮ ಹೋಟ್ಲಿಗೆ ಬರೋದು ಬಿಟ್ರು, ಬಸ್‌ಸ್ಟ್ಯಾಂಡಿನ ಮೂಲ್ಯಾಗಿನ ತಳ್ಳೋ ಬಂಡಿ ಹತ್ರ ನಿಂತು ಒಬ್ಬರ ಚಾ ಕುಡಿಯೋದು ಕಿಟಕ್ಯಾಗ ಕಾಣ್ತಿತ್ತು. ಒಂದಿನ ಮುಂಜಾನಿ ಮಾವ ಅಂಗಿ ಹಾಕ್ಕೊಂಡು ಎದ್ದು, ಸತ್ರ ಸಾಯ್ತೀನಿ, ಅರ್ಧ ಬಸಿ ಚಾ ಅವನ ಮುಂದ ಕುಂತು ಕುಡೀತೀನಿ ಅಂತ ಹೊಂಟ್ರು. ಅತ್ತಿ ಅಡ್ಡ ನಿಂತ್ರು. ಯಾವತ್ತೂ ದನಿ ಎತ್ತದಾಕಿ ಅವತ್ತು ಎತ್ತಿದ್ರು. ದೋಸ್ತ ಒಬ್ಬನ್ನ ಕಳ್ಕೊಂಡು ನೀವು ಹಿಂಗ ಆಗೀರಿ, ನಿಮ್ಮನ್ನ ಕಳ್ಕೊಂಡು ನಾನು ಏನಾಗಲಿ ಅಂದ್ರು. ಮಾವ ಅಂಗಿ ಬಿಚ್ಚಿ ಗೂಟಕ್ಕ ಹಾಕಿದ್ರು.

ಆಗ ನಾನು ಬಾಯಿ ತೆಗದೆ. ಚಾ ಬ್ಯಾಡ, ಚಾದಂಗ ಇರೋದನ್ನ ನಾನು ಮಾಡ್ತೀನಿ, ಬಣ್ಣ ಅದೇ, ನೊರಿ ಅದೇ, ಅದನ್ನ ಹಂಚ್ಕೊಂಡು ಕುಡೀರಿ ಅಂದೆ. ಗಿಣ್ಣ ಮಾಡಿದಾಕಿ ಅಂತ ನಗತಾರ ಅಂದ್ಕೊಂಡಿದ್ದೆ. ಮಾವ ನಗಲಿಲ್ಲ. ಎದ್ದು ಬಂದು ಅಡಿಗಿ ಮನ್ಯಾಗ, ಒಲಿ ಪಕ್ಕಕ್ಕ, ಮಣಿ ಹಾಕ್ಕೊಂಡು ಕುಂತ್ರು. ಹಚ್ಚವ್ವಾ ಒಲಿ ಅಂದ್ರು.

ಆಮ್ಯಾಲೆ ನಮ್ಮ ಮನ್ಯಾಗ ನಡದದ್ದು ಅಡಿಗಿ ಅಲ್ಲ, ಹಟ. ಮೆಣಸು ತೆಗದುಹಾಕಿದೆ. ಶುಂಠಿ ಚಿಟಿಕಿಗೆ ಇಳಿಸಿದೆ. ಅದ್ರ ಬದಲಿಗೆ ಸೋಂಪು, ಒಂದೆರಡು ಯಾಲಕ್ಕಿ. ಬಾಯಿಗೆ ಚೊಲೊ ಬಂತು, ಹೊಟ್ಟಿಗೂ ತಂಪು. ಆದ್ರ ಬಣ್ಣ ನೋಡಿದ್ರ ಹೊಲಸು ಹಸರು. ಇದನ್ನ ಹಿಡಕೊಂಡು ಹೋದ್ರ ಚಾ ಅಂತ ಕುರುಡನೂ ನಂಬಂಗಿಲ್ಲ ಅಂದ್ರು ಮಾವ. ಕೊತ್ತಂಬರಿನ ಇನ್ನೂ ಹುರದೆ, ಕಹಿ ಆತು. ತಲಿ ಕೆಟ್ಟು ಹೋತು.

ಬಣ್ಣ ಸಿಕ್ಕಿದ್ದು ಜೋಳದಿಂದ. ಅತ್ತಿ ಅವತ್ತು ರೊಟ್ಟಿ ಸೀಸಿದ್ರಲ್ಲ, ಆ ಕರಕಲು ತುಂಡನ್ನ ನೀರಾಗ ನೆನಿ ಹಾಕಿ ಆಕಳಿಗೆ ಇಟ್ಟಿದ್ದೆ, ಆ ನೀರು ಚಾದ ಡಿಕಾಕ್ಷನ್ ಹಂಗ ಕೆಂಪಗ ಆಗಿದ್ದು ನೆನಪಿಗೆ ಬಂತು. ಒಂದು ಹಿಡಿ ಬಿಳಿಜೋಳ ತಗೊಂಡು ಹಂಚಿನ ಮ್ಯಾಲೆ ಹುರದೆ. ಚಟಪಟ ಅಂದು ಅರಳಾಗಿ ಹಾರಿದ್ದನ್ನ ಆರಿಸಿ ಬಿಟ್ಟು, ಉಳಿದದ್ದನ್ನ ಕಾಫಿ ಬೀಜದ ಬಣ್ಣ ಬರೋತನಕ ಕೈಯಾಡಿಸಿದೆ. ಕೊತ್ತಂಬರಿ, ಜೀರಗಿ, ಸೋಂಪು ಬ್ಯಾರೆ ಬ್ಯಾರೆ ಹುರದೆ, ಒಂದರ ಜೋಡಿ ಒಂದು ಹುರದ್ರ ಜೀರಗಿ ಮೊದಲ ಸೀಯತೈತಿ. ಎಲ್ಲಾ ಕೂಡಿಸಿ ತರಿ ತರಿ ಪುಡಿ ಮಾಡಿ, ನೀರು ಅರ್ಧಕ್ಕ ಇಳಿಯೋ ಹಂಗ ಕುದಿಸಿ, ಬಟ್ಯಾಗ ಸೋಸಿದೆ. ಕೆಂಪಗ, ಕಣ್ಣಿಗೆ ಹಬ್ಬ ಆಗೋ ಹಂಗ ಇಳೀತು. ಹಾಲು ಬ್ಯಾರೆ ಕಾಸಿ ಕೂಡಿಸಿ, ಬೆಲ್ಲದ ಪುಡಿ ಕಟ್ಟಕಡೀಗೆ, ಒಲಿ ಮ್ಯಾಲಿಂದ ಇಳಿಸಿ ಒಂದೀಟು ಆರಿದಮ್ಯಾಲೆ ಹಾಕಿದೆ. ಹಾಲು ಒಡೀಲಿಲ್ಲ. ಮಾವ ಒಂದು ಗುಟುಕು ಬಾಯಾಗ ಹಿಡಕೊಂಡು, ಕಣ್ಣು ಮುಚ್ಚಿ ನುಂಗಿದ್ರು. ಚಾ ಅಲ್ಲ, ಆದ್ರ ಚಾದ ತಂಗಿ ಐತಿ ಅಂದ್ರು. ನನಗ ಅಳು ಬಂದಂಗ ಆತು.

ಉಳಿದದ್ದು ನೊರಿ. ನಮ್ಮ ಹೋಟ್ಲಿನ ಚಾ ಅಂದ್ರ ಮ್ಯಾಲೆ ನೊರಿ ಇರಲೇಬೇಕು, ಅದಿಲ್ಲ ಅಂದ್ರ ಕಂಟ್ರೋಲರ್ ಕಪ್ಪು ಮುಟ್ಟೋ ಮುಂಚೆನ ಗುರುತು ಹಿಡೀತಾರ. ನಮ್ಮನಿಯವ್ರು ಒಂದು ಕೈ ತಲಿಗಿಂತ ಮ್ಯಾಲೆ, ಒಂದು ಕೈ ಸೊಂಟಕ್ಕಿಂತ ಕೆಳಗ ಹಿಡದು, ಚಾನ ದಾರದಂಗ ಎಳೀತಿದ್ರು. ನಾನು ಹಿತ್ತಲಾಗ ನೀರು ತಗೊಂಡು ಕಲಿಯಾಕ ಹತ್ತಿದೆ. ಸೀರಿ ತೊಯ್ತು, ಕಾಲು ತೊಯ್ತು, ಪಕ್ಕದ ಮನಿಯಾಕಿ ಗೋಡಿ ಮ್ಯಾಲಿಂದ ನೋಡಿ, ಇವ್ರ ಸೊಸಿಗೆ ಏನಾತು ಅಂತ ಕೇಳಿದ್ಲಂತ. ನೀರಾದಮ್ಯಾಲೆ ಬಿಸಿ ಕಷಾಯ ಹಿಡದೆ, ಕೈ ಸುಟ್ಕೊಂಡೆ. ನಮ್ಮನಿಯವ್ರು ಒಂದ್ಸಲ ಬಂದು, ನಾ ಹೊಯ್ದು ಕೊಡ್ತೀನಿ ಬಿಡು ಅಂದ್ರು. ಬ್ಯಾಡ, ಶುರು ಮಾಡಿದಾಕಿ ನಾನು ಅಂದೆ. ಕಡೀಗೆ ನೊರಿ ನಿಂತಿತು.

ಮಾವ ಒಂದು ಹೇಳಿದ್ರು. ನಾವು ಇಲ್ಲಿಂದ ಕಪ್ಪು ಹಿಡಕೊಂಡು ರಸ್ತಿ ದಾಟೋದ್ರೊಳಗ ನೊರಿ ಇಳದು ಹೋಗತೈತಿ, ನೀನು ಜೋಡಿ ಬಾ, ಅಲ್ಲೇ ಹೊಯ್ಯಿ ಅಂದ್ರು. ಮನಿ ಸೊಸಿ, ಬಸ್‌ಸ್ಟ್ಯಾಂಡಿನ ನಡುವ ನಿಂತು, ಕೈ ಎತ್ತಿ ಚಾ ಹೊಯ್ಯೋದಾ? ಅತ್ತಿ ಕಡೆ ನೋಡಿದೆ. ಬ್ಯಾಡ ಅಂತಾರ ಅಂದ್ಕೊಂಡ್ರ, ಅತ್ತಿ ನನ್ನ ಸೆರಗು ತಲಿ ಮ್ಯಾಲೆ ಹೊಚ್ಚಿ, ಹೋಗಿ ಬಾ ಅಂದ್ರು.

ಮರುದಿನ ಮುಂಜಾನಿ ಮೊದಲನೇ ಬಸ್ಸಿಗೆ ಮುಂಚೆ ಹೊಂಟ್ವಿ. ಮಾವನ ಕೈಯಾಗ ಕಪ್ಪು. ನನ್ನ ಒಂದು ಕೈಯಾಗ ಕಷಾಯದ ಚರಿಗಿ, ಇನ್ನೊಂದರಾಗ ಖಾಲಿ ಲೋಟ, ಲೋಟದ ಮ್ಯಾಲೆ ಬಸಿ. ರಸ್ತಿ ನಡುವ ಇದ್ವಿ, ಬಳ್ಳಾರಿ ಕಡೆಯಿಂದ ಬಂದ ಲಾರಿ ಒಂದು ಕಿವಿ ಹರಿಯೋ ಹಂಗ ಹಾರ್ನ್ ಹೊಡೀತು. ನಾನು ಬೆದರಿ ಹಿಂದಕ್ಕ ಸರದೆ. ಚರಿಗಿ ಕೈಯಾಗ ಉಳೀತು, ಬಸಿ ಜಾರಿ ಡಾಂಬರಿನ ಮ್ಯಾಲೆ ಬಿದ್ದು ಚೂರಾತು. ಮಾವ ಚೂರುಗಳನ್ನ ನೋಡಿದ್ರು. ವಾಪಸ್ ಹೋಗಿ ಬ್ಯಾರೆ ತರ್ತೀನ್ರಿ ಮಾವಾ ಅಂದೆ. ಅವ್ರು ಆ ಕಡೆ ನೋಡಿದ್ರು. ಕಂಟ್ರೋಲರ್ ಆಗಲೇ ನಮ್ಮನ್ನ ಕಂಡು ತಮ್ಮ ಆಫೀಸಿನ ಕಿಟಕಿ ಹಿಂದ ಎದ್ದು ನಿಂತಿದ್ರು. ಈಗ ತಿರುಗಿ ಹೋದ್ರ ಅದಕ್ಕೂ ಒಂದು ಅರ್ಥ ಆಗತೈತಿ ಅಂತ ಮಾವಗ ಅನಸಿರಬೇಕು. ನಡಿ ಅಂದ್ರು.

ಕಂಟ್ರೋಲರ್ ಹೊರಗ ಬಂದ್ರು. ಬರ್ರಿ ಯಜಮಾನ್ರ, ಯಾವ ಊರಿಗೆ ಹೊಂಟೀರಿ ಅಂತ ಕೇಳಿದ್ರು. ಲೇ ಅಂತಿದ್ದ ಬಾಯಾಗ ಆ ‘ರಿ’ ಕೇಳಿ ಮಾವನ ಮುಖ ಸಣ್ಣದಾತು. ಅಲ್ಲಿದ್ದ ಕಲ್ಲಿನ ಬೆಂಚಿನ ಮ್ಯಾಲೆ ಕುಂತ್ರು. ನನ್ನ ಕಡೆ ನೋಡಿದ್ರು. ಬಸ್ ಕಾಯೋರೆಲ್ಲ ಕಣ್ಣು ಬಿಟ್ಕೊಂಡು ನೋಡ್ತಿದ್ರು. ನಾನು ಹಲ್ಲು ಕಚ್ಚಿ, ಕೈ ಎತ್ತಿ, ಚರಿಗಿಯಿಂದ ಲೋಟಕ್ಕ, ಲೋಟದಿಂದ ಚರಿಗಿಗೆ ಎಳದೆ. ಒಂದು ಹನಿನೂ ಚೆಲ್ಲಲಿಲ್ಲ. ಕಪ್ಪು ತುಂಬಿ, ಮ್ಯಾಲೆ ನೊರಿ ನಿಂತಿತು.

ಚಾ ಆಗೈತ್ರಿ ನಂದು ಅಂದ್ರು ಕಂಟ್ರೋಲರ್.

ಮಾವ ಕಪ್ಪನ್ನ ಎರಡೂ ಕೈಯಾಗ ಹಿಡದು ಮುಂದ ಚಾಚಿದ್ರು. “ಬಸಿ ಒಡದು ಹೋತಲೇ. ನೀ ಮೊದಲ ಅರ್ಧ ಕುಡಿ. ಉಳಿದ ಅರ್ಧ ನನಗ ಕೊಡು.”

ಕಂಟ್ರೋಲರ್ ಅಲ್ಲಾಡದ ನಿಂತ್ರು. ಇಷ್ಟು ವರ್ಷ ಒಂದೇ ಕಪ್ಪಿನ ಚಾ ಹಂಚ್ಕೊಂಡಿದ್ರೂ, ಒಬ್ರ ತುಟಿ ಮುಟ್ಟಿದ್ದನ್ನ ಇನ್ನೊಬ್ರು ಕುಡದಿರಲಿಲ್ಲ. ಬಸಿ ನಡುವ ಇರ್ತಿತ್ತು. ಚಾಚಿದ ಕಪ್ಪು ವಾಲಿ, ನೊರಿ ಅಂಚಿಗೆ ಬಂತು. ಚೆಲ್ಲತೈತಿ ಅಂತನೋ ಏನೋ, ಕಂಟ್ರೋಲರ್ ಕೈ ಮುಂದ ಬಂದು ಕಪ್ಪು ಹಿಡೀತು. ಬೆಂಚಿನ ಮ್ಯಾಲೆ ಕುಂತು, ಒಂದು ಗುಟುಕು ಕುಡದ್ರು. ಹುಬ್ಬು ಗಂಟಾತು.

“ಇದು ಚಾ ಅಲ್ಲ.”

“ಅಲ್ಲ,” ಅಂದ್ರು ಮಾವ. “ಡಾಕ್ಟ್ರು ಚಾ ಬಿಡಿಸ್ಯಾನ. ರಕ್ತ ವಾಂತಿ ಆಗಿತ್ತು. ಲೇ, ಈ ಸಲ ಖರೇನ ಹೊಟ್ಟಿ ಸರಿ ಇಲ್ಲ.”

ಕಂಟ್ರೋಲರ್ ಮಾವನ ಮುಖ ನೋಡಿದ್ರು. ಸೊರಗಿದ ಗಲ್ಲ, ಸಡಿಲ ಆದ ಅಂಗಿ, ಎಲ್ಲಾ ಆಗಲೇ ಕಣ್ಣಿಗೆ ಬಿದ್ದದ್ದು. ಮತ್ತ ಕಪ್ಪು ಬಾಯಿಗೆ ಹಚ್ಚಿ, ನಿಧಾನಕ್ಕ ಅರ್ಧ ಕುಡದು, ಎಲ್ಲಿಗೆ ಬಂತು ಅಂತ ಇಣುಕಿ ನೋಡಿ, ಕಪ್ಪನ್ನ ಮಾವನ ಕೈಗೆ ಕೊಟ್ರು. ಮಾವ ಅದೇ ಅಂಚಿಗೆ ಬಾಯಿ ಹಚ್ಚಿ ಉಳಿದದ್ದನ್ನ ಕುಡದ್ರು. ಸುತ್ತ ನಿಂತೋರಾಗ ಯಾರೋ ಕೆಮ್ಮಿದ್ರು. ನಾನು ಯಾರ ಮುಖಾನೂ ನೋಡಲಿಲ್ಲ.

ಕಪ್ಪು ಖಾಲಿ ಆತು. ಕಂಟ್ರೋಲರ್ ಅದನ್ನ ಮಾವನ ಕೈಯಿಂದ ಇಸ್ಕೊಂಡು ಎದ್ದು, ಬಸ್‌ಸ್ಟ್ಯಾಂಡಿನ ನಳದ ಕಡೆ ಎರಡು ಹೆಜ್ಜಿ ಇಟ್ರು. ಮಾವ ಅವ್ರ ಬೆನ್ನು ನೋಡ್ತಾ ಕುಂತ್ರು. ಕಂಟ್ರೋಲರ್ ನಿಂತು, ಕೈಯಾಗಿನ ಕಪ್ಪನ್ನ ಒಂದ್ಸಲ ನೋಡಿದ್ರು. ತಿರುಗಿ ಬಂದು, ತೊಳೀದ ಹಂಗ ಅದನ್ನ ನನ್ನ ಕೈಯಾಗ ಇಟ್ರು.

“ಬೆಲ್ಲ ಕಡಿಮಿ ಆಗೈತಿ ತಂಗಿ. ನಾಳಿಗೆ ಜಾಸ್ತಿ ಹಾಕು,” ಅಂದ್ರು. ಆಮ್ಯಾಲೆ ಮಾವನ ಕಡೆ ತಿರುಗಿ, “ಇಲ್ಲಿಗೆ ಬರಬ್ಯಾಡಲೇ, ನಾನಾ ಬರ್ತೀನಿ,” ಅಂದ್ರು.

ಅಷ್ಟರಾಗ ಹೊಸಪೇಟಿ ಬಸ್ ಬಂತು. ಅವ್ರು ಕಣ್ಣು ಒರಸ್ಕೊಂಡು ಸೀಟಿ ಬಾಯಾಗ ಇಟ್ಕೊಂಡ್ರು. ನಾನೂ ಮಾವನೂ ರಸ್ತಿ ದಾಟಿದ್ವಿ. ಕಪ್ಪಿನ ತಳದಾಗ ಒಂದೀಟು ಗಸಿ, ಅಂಚಿನ ಮ್ಯಾಲೆ ಒಣಗಿದ ನೊರಿ. ಹೋಟ್ಲು ಪಕ್ಕದ ನಳದಾಗ ಅದನ್ನ ತೊಳೀಬೇಕು ಅಂತ ಬಗ್ಗಿದೆ, ಮಾವ ಕೈ ಚಾಚಿದ್ರು. ತಾ ಇಲ್ಲಿ, ಇದನ್ನ ನಾ ತೊಳೀತೀನಿ ಅಂದ್ರು.